ವಿಚಾರಣೆಯೇ ಇಲ್ಲದೆ ಮುಗಿಯೋ ಕೇಸುಗಳು: ಅಮೆರಿಕದ ಕ್ರಿಮಿನಲ್ ಜಸ್ಟಿಸ್ ಬಗ್ಗೆ ಒಂದಿಷ್ಟು ಮಾತು

(ಇಲ್ಲಿನ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಾಡಿದ ಧಾಟಿಯನ್ನ ಹಾಗೇ ಇಟ್ಟಿದೀನಿ, ಕೊನೇಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಇಂಥ ವಿಷಯ ಕೇಳಕ್ಕೆ ಇಷ್ಟು ಜನ ಕೂತಿದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್.

ಶುರುವಿಗೇ ಎರಡು ಅಂಕಿ ಹೇಳಿಬಿಡ್ತೀನಿ, ಇವತ್ತಿನ ಮಾತೆಲ್ಲ ಅದರ ಸುತ್ತಾನೇ ಇರೋದು. ಅಮೆರಿಕದ ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ ಕೋರ್ಟುಗಳಲ್ಲಿ ಅಪರಾಧಿ ಅಂತ ತೀರ್ಮಾನ ಆದ ಕೇಸುಗಳಲ್ಲಿ ನೂರಕ್ಕೆ 97, ರಾಜ್ಯಗಳ ಕೋರ್ಟುಗಳಲ್ಲಿ ನೂರಕ್ಕೆ 94, ವಿಚಾರಣೆ ನಡೆದು ಆಗಿದ್ದಲ್ಲ, ಆರೋಪಿನೇ ತಪ್ಪು ಒಪ್ಕೊಂಡು ಆಗಿದ್ದು. ಇದನ್ನ ಯಾರೋ ಚಳವಳಿಗಾರರು ಹೇಳಿದ್ದಲ್ಲ, 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ತನ್ನ ತೀರ್ಪಲ್ಲಿ ಬರೆದಿದ್ದು. ನಾವು ಸಿನಿಮಾದಲ್ಲಿ ನೋಡೋ ಕೋರ್ಟ್ ಇದ್ಯಲ್ಲ, ತೀರ್ಪು ಹೇಳಕ್ಕೆ ಸಾಮಾನ್ಯ ಜನರಿಂದ ಆರಿಸಿದ 12 ಜನ ಜ್ಯೂರಿ, ಇಬ್ಬರು ಲಾಯರ್‌ಗಳ ವಾದ, ಸಾಕ್ಷಿಕಟ್ಟೆಯಲ್ಲಿ ಬೆವರೋ ಮನುಷ್ಯ, ಅದು ನಡೆಯೋದು ತೀರಾ ಅಪರೂಪ. ಹಾಗಾದ್ರೆ ಕೇಸು ತೀರ್ಮಾನ ಆಗೋದೆಲ್ಲಿ, ಯಾರು ಮಾಡ್ತಾರೆ, ಆಮೇಲೆ ಆ ಮನುಷ್ಯ ಎಲ್ಲಿಗೆ ಹೋಗ್ತಾನೆ, ಇಷ್ಟು ಅರ್ಥ ಮಾಡ್ಕೊಂಡ್ರೆ ಮಿಕ್ಕಿದ್ದೆಲ್ಲ ತಾನಾಗೇ ಬಿಡಿಸ್ಕೊಳತ್ತೆ.

ಮೊದಲನೇದಾಗಿ, ಅಮೆರಿಕದಲ್ಲಿ ಒಂದೇ ವ್ಯವಸ್ಥೆ ಅಂತ ಇಲ್ಲ. ಇಂಡಿಯಾದಲ್ಲಿ ಬೀದರ್‌ನಲ್ಲಾದ್ರೂ ಮಂಗಳೂರಲ್ಲಾದ್ರೂ ಕಳ್ಳತನಕ್ಕೆ ದೇಶಕ್ಕೆಲ್ಲ ಒಂದೇ ಕಾನೂನು ಅಲ್ವಾ, ಇಲ್ಲಿ 50 ರಾಜ್ಯಕ್ಕೆ 50 ದಂಡಸಂಹಿತೆ, ಅದರ ಮೇಲೆ ಫೆಡರಲ್ ಸರ್ಕಾರದ್ದು ಬೇರೆ, ಮಿಲಿಟರಿದು ಬೇರೆ, ಮೂಲನಿವಾಸಿ ಬುಡಕಟ್ಟುಗಳದ್ದು ಬೇರೆ. ಕೊಲೆ, ಕಳ್ಳತನ, ಹೊಡೆದಾಟ, ಕುಡಿದು ಗಾಡಿ ಓಡಿಸೋದು ಇವೆಲ್ಲ ಸಾಮಾನ್ಯವಾಗಿ ರಾಜ್ಯದ ಅಪರಾಧಗಳು. ರಾಜ್ಯದ ಗಡಿ ದಾಟಿದ ಡ್ರಗ್ಸ್ ವ್ಯವಹಾರ, ಬ್ಯಾಂಕ್ ದರೋಡೆ, ಇಮಿಗ್ರೇಷನ್ ವಂಚನೆ, ಇಂಥವು ಫೆಡರಲ್‌ಗೆ ಹೋಗ್ತವೆ. ಪೊಲೀಸರು ಸಿಟಿಯವರು, ಶೆರಿಫ್ ಅನ್ನೋ ಪೊಲೀಸ್ ಮುಖ್ಯಸ್ಥ ಕೌಂಟಿಯವನು (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ), ಜೈಲು ಕೌಂಟಿದು, ದೊಡ್ಡ ಸೆರೆಮನೆ ರಾಜ್ಯದ್ದು. ಮತ್ತೆ ಇವರಲ್ಲಿ ಸುಮಾರು ಜನ ಎಲೆಕ್ಷನ್ ಗೆದ್ದು ಬರ್ತಾರೆ. ಶೆರಿಫ್ ಎಲೆಕ್ಷನ್‌ನಲ್ಲಿ ಗೆಲ್ಬೇಕು, ಡಿಸ್ಟ್ರಿಕ್ಟ್ ಅಟಾರ್ನಿ, ಚಿಕ್ಕದಾಗಿ ಡಿಎ ಅಂತಾರಲ್ಲ, ಸರ್ಕಾರದ ಪರ ಕೇಸು ನಡೆಸೋ ಪ್ರಾಸಿಕ್ಯೂಟರ್, ಹೆಚ್ಚಿನ ರಾಜ್ಯಗಳಲ್ಲಿ ಆತನೂ ಎಲೆಕ್ಷನ್‌ನಲ್ಲಿ ಗೆಲ್ಬೇಕು, ಎಷ್ಟೋ ಕಡೆ ಜಡ್ಜ್ ಕೂಡ ವೋಟು ಕೇಳ್ಬೇಕು. "ನಾನು ಕ್ರಿಮಿನಲ್‌ಗಳ ಮೇಲೆ ಕರುಣೆ ತೋರಿಸಿದೆ" ಅಂತ ಬೋರ್ಡ್ ಹಾಕ್ಕೊಂಡು ಎಲೆಕ್ಷನ್ ಗೆದ್ದೋರು ಕಮ್ಮಿ. ಇದು ಕೇಸುಗಳ ಮೇಲೆ ಎಷ್ಟು ಪರಿಣಾಮ ಮಾಡತ್ತೆ ಅಂತ ಮುಂದೆ ಗೊತ್ತಾಗತ್ತೆ.

ನಾವು ಯಾವಾಗ್ಲೂ ಒಂದೇ ಅಂದ್ಕೊಳೋ ಎರಡು ಜಾಗ ಇದಾವೆ, ಜೈಲು ಮತ್ತೆ ಪ್ರಿಸನ್. ಇಲ್ಲಿ ಜೈಲು ಅಂದ್ರೆ ಕೌಂಟಿಯದು, ನಡೆಸೋದು ಸಾಮಾನ್ಯವಾಗಿ ಶೆರಿಫ್. ಅರೆಸ್ಟ್ ಆದ ಕೂಡಲೇ ಹೋಗೋದು ಅಲ್ಲಿಗೆ, ಸುಮಾರಾಗಿ ಒಂದು ವರ್ಷದೊಳಗಿನ ಶಿಕ್ಷೆ ಆದೋರೂ ಅಲ್ಲೇ ಇರ್ತಾರೆ. ಪ್ರಿಸನ್ ಅಂದ್ರೆ ರಾಜ್ಯದ್ದೋ ಫೆಡರಲ್‌ದೋ, ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಆದೋರಿಗೆ. ಎರಡೂ ಸೇರಿ ಯಾವುದೇ ಒಂದು ದಿನ ತಗೊಂಡ್ರೂ ಒಳಗಿರೋರು 18-19 ಲಕ್ಷದ ಹತ್ತಿರ. ಕೌಂಟಿ ಜೈಲುಗಳಲ್ಲಿ ಇರೋರು ಆರೂವರೆ ಲಕ್ಷದ ಆಸುಪಾಸು, ಅವರಲ್ಲಿ ಹತ್ತಕ್ಕೆ ಏಳು ಜನಕ್ಕೆ ಇನ್ನೂ ಯಾವ ಕೋರ್ಟೂ ಅಪರಾಧಿ ಅಂತ ಹೇಳಿಲ್ಲ. ಕಾನೂನಿನ ಪ್ರಕಾರ ಅವರು ನಿರಪರಾಧಿಗಳು. ಸುಮ್ನೆ ಕೇಸು ಯಾವಾಗ ಬರತ್ತೋ ಅಂತ ಕಾಯ್ತಾ ಕೂತಿದಾರೆ.

ಅರೆಸ್ಟ್‌ನಿಂದ ಶುರು ಮಾಡೋಣ. "ನಿಮಗೆ ಸುಮ್ಮನಿರೋ ಹಕ್ಕಿದೆ" ಅನ್ನೋ ಡೈಲಾಗ್ ಎಲ್ಲರಿಗೂ ಬಾಯಿಪಾಠ. ಅದು ಬಂದಿದ್ದು 1966ರ ಮಿರಾಂಡ ತೀರ್ಪಿಂದ, ಅರಿಜೋನಾದ ಕೇಸು. ಆದ್ರೆ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಏನಂದ್ರೆ ಅರೆಸ್ಟ್ ಮಾಡಿದ ತಕ್ಷಣ ಅದನ್ನ ಓದಲೇಬೇಕು ಅಂತೇನಿಲ್ಲ, ಕಸ್ಟಡಿಯಲ್ಲಿಟ್ಕೊಂಡು ಪ್ರಶ್ನೆ ಕೇಳೋ ಮುಂಚೆ ಓದ್ಬೇಕು ಅಷ್ಟೆ. ಓದಿಲ್ಲ ಅಂದ್ರೆ ಕೇಸೇ ಬಿದ್ದೋಗತ್ತೆ ಅನ್ನೋದೂ ಸುಳ್ಳು, ಆವಾಗ ಹೇಳಿದ ಮಾತನ್ನ ಸಾಕ್ಷಿಯಾಗಿ ತರಕ್ಕೆ ತೊಂದರೆ ಆಗತ್ತೆ, ಬೇರೆ ಸಾಕ್ಷಿ ಇದ್ರೆ ಕೇಸು ನಡೆಯತ್ತೆ. ಇನ್ನೂ ಮುಖ್ಯವಾದದ್ದು, ಸುಮ್ಮನಿರ್ತೀನಿ ಅಂತ ಬಾಯಿಬಿಟ್ಟು ಹೇಳ್ಬೇಕು. ಮಿಶಿಗನ್‌ನಲ್ಲಿ ಥಾಂಪ್‌ಕಿನ್ಸ್ ಅನ್ನೋ ಆರೋಪಿ ಹತ್ರತ್ರ ಮೂರು ಗಂಟೆ ಹೆಚ್ಚುಕಮ್ಮಿ ಮಾತೇ ಆಡದೆ ಕೂತಿದ್ದ, ಕೊನೆಗೆ ಪೊಲೀಸರು ನೀನು ದೇವರನ್ನ ನಂಬ್ತೀಯಾ, ಆ ಹುಡುಗನಿಗೆ ಗುಂಡು ಹೊಡೆದಿದ್ದಕ್ಕೆ ಕ್ಷಮಿಸು ಅಂತ ಬೇಡ್ಕೋತೀಯಾ ಅಂತ ಕೇಳಿದಾಗ "ಹೌದು" ಅಂದ. ಆ ಒಂದು ಹೌದು ಸಾಕ್ಷಿಯಾಯ್ತು. 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಅಷ್ಟು ಹೊತ್ತು ಸುಮ್ಮನಿದ್ದ ಮಾತ್ರಕ್ಕೆ ಹಕ್ಕು ಚಲಾಯಿಸಿದ ಹಾಗಾಗಲ್ಲ, ಚಲಾಯಿಸ್ತಿದೀನಿ ಅಂತ ಸ್ಪಷ್ಟವಾಗಿ ಹೇಳ್ಬೇಕು ಅಂತ. ಅದಕ್ಕೇ ಹೇಳೋದು, "ನನಗೆ ಲಾಯರ್ ಬೇಕು, ಲಾಯರ್ ಇಲ್ಲದೆ ಮಾತಾಡಲ್ಲ" ಅಂತ ಮರ್ಯಾದೆಯಾಗಿ, ಜೋರಾಗಿ ಹೇಳಿ ನಿಲ್ಲಿಸ್ಬಿಡಿ. ನಮ್ಮೋರಲ್ಲಿ ಪೊಲೀಸ್ ಮುಂದೆ ಎಲ್ಲಾ ವಿವರಿಸಿ ಹೇಳಿದ್ರೆ ಅರ್ಥ ಮಾಡ್ಕೋತಾರೆ ಅನ್ನೋ ಭಾವನೆ ಬಹಳ ಇದೆ. ದಯವಿಟ್ಟು ಬೇಡ.

ಅರೆಸ್ಟ್ ಆದ್ಮೇಲೆ ಬುಕಿಂಗ್, ಅಂದ್ರೆ ಫೋಟೋ, ಬೆರಳಚ್ಚು, ಜೇಬಲ್ಲಿದ್ದಿದ್ದೆಲ್ಲ ಒಂದು ಚೀಲಕ್ಕೆ. ವಾರಂಟ್ ಇಲ್ಲದೆ ಹಿಡಿದಿದ್ರೆ ಸಾಮಾನ್ಯವಾಗಿ 48 ಗಂಟೆಯೊಳಗೆ ಜಡ್ಜ್ ಒಬ್ಬರು ಹಿಡಿಯಕ್ಕೆ ಕಾರಣ ಇತ್ತಾ ಅಂತ ನೋಡ್ಬೇಕು, ಇದು 1991ರ ತೀರ್ಪು. ಅಪರಾಧಗಳಲ್ಲಿ ಸಣ್ಣದು ಮಿಸ್‌ಡಿಮೀನರ್, ವರ್ಷದೊಳಗಿನ ಶಿಕ್ಷೆ, ದೊಡ್ಡದು ಫೆಲೊನಿ. ಫೆಲೊನಿ ಅನ್ನೋದು ಒಂದ್ಸಲ ಅಂಟ್ಕೊಂಡ್ರೆ ಜೀವನ ಪೂರ್ತಿ ಬಿಡಲ್ಲ, ಅದನ್ನ ಆಮೇಲೆ ಹೇಳ್ತೀನಿ. ಯಾವ ಆರೋಪ ಹಾಕ್ಬೇಕು, ಎಷ್ಟು ಹಾಕ್ಬೇಕು, ಹಾಕ್ಬೇಕಾ ಬೇಡ್ವಾ, ಇದನ್ನ ಕೊನೆಗೆ ತೀರ್ಮಾನ ಮಾಡೋದು ಪ್ರಾಸಿಕ್ಯೂಟರ್. ಕೇಸಿನ ಹೆಸರು ನೋಡಿ, ಸ್ಟೇಟ್ ಆಫ್ ಟೆಕ್ಸಸ್ ವರ್ಸಸ್ ಇಂಥವನು. ಅಲ್ಲಿ ದೂರು ಕೊಟ್ಟೋರು ಸಾಕ್ಷಿ ಮಾತ್ರ. ಗಂಡ ಹೆಂಡತಿ ಜಗಳದಲ್ಲಿ ತುರ್ತು ನಂಬರ್ 911ಗೆ ಫೋನ್ ಹೋಗಿ, ಪೊಲೀಸ್ ಬಂದು ಒಬ್ಬರನ್ನ ಕರ್ಕೊಂಡ್ ಹೋಗಿ, ಬೆಳಗ್ಗೆ "ನಾನು ಕಂಪ್ಲೇಂಟ್ ವಾಪಸ್ ತಗೋತೀನಿ" ಅಂದ್ರೆ ಆಗಲ್ಲ, ಅದು ಅವರ ಕೈಯಲ್ಲಿಲ್ಲ, ಸರ್ಕಾರ ಬೇಕಾದ್ರೆ ಮುಂದುವರಿಸತ್ತೆ. ಹೊಡೆಸ್ಕೊಂಡೋರನ್ನ ಹೆದರಿಸಿ ವಾಪಸ್ ತಗೊಳೋ ಹಾಗೆ ಮಾಡೋದು ತಪ್ಪಲಿ ಅಂತ ಇರೋ ಪದ್ಧತಿ ಅದು, ಒಳ್ಳೇದೇ, ಆದ್ರೆ ಮೊದಲೇ ಗೊತ್ತಿರ್ಬೇಕು.

ಈಗ ಬೇಲ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗ್ತೀನಿ, ಯಾಕಂದ್ರೆ ನನ್ನ ಪ್ರಕಾರ ಇಡೀ ವ್ಯವಸ್ಥೆಯ ಕೀಲು ಇರೋದು ಇಲ್ಲಿ.

ಬೇಲ್ ಅಂದ್ರೆ ಶಿಕ್ಷೆ ಅಲ್ಲ, ವಾಪಸ್ ಕೋರ್ಟಿಗೆ ಬರ್ತೀನಿ ಅನ್ನೋದಕ್ಕೆ ಒತ್ತೆ ಇಡೋ ದುಡ್ಡು. ಜಡ್ಜ್ 10,000 ಡಾಲರ್ ಅಂದ್ರು ಅಂದ್ಕೊಳಿ. ಅಷ್ಟೂ ದುಡ್ಡು ಇದ್ರೆ ಕಟ್ಟಿ ಮನೆಗೆ ಹೋಗಬಹುದು, ಕರೆದಾಗೆಲ್ಲ ಹೋದ್ರೆ ಕೊನೆಗೆ ವಾಪಸ್ ಬರತ್ತೆ. ಇಲ್ಲದೋರು ಬೇಲ್ ಬಾಂಡ್ಸ್‌ಮನ್ ಹತ್ರ ಹೋಗ್ತಾರೆ, ಕೌಂಟಿ ಜೈಲಿನ ಎದುರು ರಾತ್ರಿಯೆಲ್ಲ ಲೈಟ್ ಉರಿಯೋ ಅಂಗಡಿಗಳು ನೀವೂ ನೋಡಿರ್ತೀರಿ. ಆತ ಸಾಮಾನ್ಯವಾಗಿ ನೂರಕ್ಕೆ ಹತ್ತು, ಅಂದ್ರೆ 1,000 ಡಾಲರ್ ತಗೊಂಡು ಜಾಮೀನು ನಿಲ್ತಾನೆ. ಆ 1,000 ಡಾಲರ್ ಹೋದ ಹಾಗೇ. ನೀವು ನಿರಪರಾಧಿ ಅಂತ ಮರುವಾರವೇ ಕೇಸು ಬಿದ್ದೋದ್ರೂ ವಾಪಸ್ ಬರಲ್ಲ. ಹೀಗೆ ಜಾಮೀನು ಕೊಡೋದೇ ಒಂದು ವ್ಯಾಪಾರವಾಗಿ ನಡೆಯೋದು ಪ್ರಪಂಚದಲ್ಲಿ ಅಮೆರಿಕ ಬಿಟ್ರೆ ಫಿಲಿಪೀನ್ಸ್‌ನಲ್ಲಿ ಮಾತ್ರ. ಆ 1,000ವೂ ಇಲ್ಲದೋರು ಒಳಗೇ ಉಳೀತಾರೆ. ಮೂರು ದಿನ ಕೆಲಸಕ್ಕೆ ಹೋಗದಿದ್ರೆ ಕೆಲಸ ಹೋಗತ್ತೆ, ಕೆಲಸ ಹೋದ್ರೆ ಬಾಡಿಗೆ ಕಟ್ಟಕ್ಕಾಗಲ್ಲ, ಮಕ್ಕಳನ್ನ ಸ್ಕೂಲಿಂದ ಕರ್ಕೊಂಡು ಬರೋರಿಲ್ಲ. ಇಷ್ಟೆಲ್ಲ ಆಗೋದು ಇನ್ನೂ ಯಾರೂ ಅಪರಾಧಿ ಅನ್ನದೇ ಇರೋ ಮನುಷ್ಯನಿಗೆ.

ಕಲೀಫ್ ಬ್ರೌಡರ್ ಅನ್ನೋ ಹುಡುಗನ ಕಥೆ ಕೇಳಿರಬಹುದು. 2010, ನ್ಯೂಯಾರ್ಕಿನ ಬ್ರಾಂಕ್ಸ್, 16 ವರ್ಷ. ಒಂದು ಬ್ಯಾಕ್‌ಪ್ಯಾಕ್ ಕದ್ದಿದಾನೆ ಅನ್ನೋ ಆರೋಪ. ಬೇಲ್ 3,000 ಡಾಲರ್ ಇಟ್ರು, ಮನೆಯವರಿಗೆ ಹೊಂದಿಸಕ್ಕೆ ಆಗಲಿಲ್ಲ, ಆಮೇಲೆ ಹಳೇ ಕೇಸಿನ ಪ್ರೊಬೇಷನ್ (ಜೈಲಿನ ಬದಲು ಹೊರಗೇ ನಿಗಾದಲ್ಲಿಡೋದು) ಇತ್ತು ಅಂತ ಬೇಲೇ ಇಲ್ಲ ಅಂದ್ರು. ರೈಕರ್ಸ್ ಐಲ್ಯಾಂಡ್ ಜೈಲಲ್ಲಿ ಮೂರು ವರ್ಷ, ಅದರಲ್ಲಿ ಹತ್ತಿರ ಹತ್ತಿರ ಎರಡು ವರ್ಷ ಒಂಟಿ ಕೋಣೇಲಿ. ಕೇಸು ಮುಂದಕ್ಕೆ ಮುಂದಕ್ಕೆ ಹೋಗ್ತಾನೇ ಇತ್ತು. ಕೊನೆ ಕೊನೆಗೆ ಕೋರ್ಟಲ್ಲಿ ಒಂದು ಆಫರ್ ಬಂತು, ಸಣ್ಣ ಆರೋಪ ಒಪ್ಕೊ, ಇವತ್ತೇ ಮನೆಗೆ ಹೋಗು. ಆ ಹುಡುಗ ಒಪ್ಪಲಿಲ್ಲ, ನಾನು ಮಾಡಿಲ್ಲ ಅಂದ. ವಾಪಸ್ ರೈಕರ್ಸ್‌ಗೆ ಹೋದ. 2013ರಲ್ಲಿ ಕೇಸನ್ನೇ ಕೈಬಿಟ್ರು, ವಿಚಾರಣೆ ಆಗಲೇ ಇಲ್ಲ. ಎರಡು ವರ್ಷ ಆದ್ಮೇಲೆ, 22ನೇ ವಯಸ್ಸಿಗೆ, ಆತ್ಮಹತ್ಯೆ ಮಾಡ್ಕೊಂಡ. ಇದನ್ನ ಹೇಳೋವಾಗ ನನಗೆ ಪ್ರತಿಸಲ ಗಂಟಲು ಕಟ್ಟತ್ತೆ. ಎಲ್ಲರೂ ಆ ಹುಡುಗನ ಹಾಗೆ ಗಟ್ಟಿ ಇರಕ್ಕೆ ಆಗಲ್ಲ, ಇರ್ಬೇಕು ಅಂತ ಕೇಳೋದೂ ತಪ್ಪು. ಬಹಳ ಜನ "ಒಪ್ಕೊಂಡ್ರೆ ಇವತ್ತೇ ಮನೆ" ಅಂದಾಗ ಒಪ್ಕೋತಾರೆ, ಮಾಡಿದ್ರೂ ಒಪ್ಕೋತಾರೆ, ಮಾಡದಿದ್ರೂ ಒಪ್ಕೋತಾರೆ. ಆ ನೂರಕ್ಕೆ 94ರಲ್ಲಿ ಇಂಥೋರು ಎಷ್ಟು ಜನ ಅಂತ ಯೋಚನೆ ಮಾಡಿ.

ಬದಲಾವಣೆ ಆಗ್ತಾ ಇಲ್ಲ ಅಂತೇನಿಲ್ಲ. ನ್ಯೂಜೆರ್ಸಿ 2017ರಿಂದ ದುಡ್ಡಿನ ಬೇಲನ್ನ ಬಹುತೇಕ ಕೈಬಿಟ್ಟಿದೆ, ಇಲಿನಾಯ್ 2023ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ತೆಗೆದುಹಾಕಿದ ಮೊದಲ ರಾಜ್ಯ ಆಯ್ತು. ಅಲ್ಲಿ ಈಗ ಜಡ್ಜ್ ನೋಡೋದು ಈತ ಅಪಾಯಕಾರಿನಾ, ಓಡಿ ಹೋಗ್ತಾನಾ ಅಂತ. ಹೌದಾದ್ರೆ ಒಳಗಿಡ್ತಾರೆ, ಎಷ್ಟೇ ದುಡ್ಡಿದ್ರೂ. ಅಲ್ಲ ಅಂದ್ರೆ ಬಿಡ್ತಾರೆ, ದುಡ್ಡಿಲ್ಲದಿದ್ರೂ. ನನಗೆ ಇದೇ ಸರಿ ಅನ್ಸತ್ತೆ.

ಲಾಯರ್ ವಿಷಯಕ್ಕೆ ಬರೋಣ. ಬಡವರಿಗೆ ಸರ್ಕಾರವೇ ಲಾಯರ್ ಕೊಡ್ಬೇಕು ಅನ್ನೋದು ಇವತ್ತು ಎಲ್ಲರಿಗೂ ಗೊತ್ತು, ಅದು ಬಂದಿದ್ದು ಒಬ್ಬ ಕೈದಿ ಪೆನ್ಸಿಲ್‌ನಲ್ಲಿ ಬರೆದ ಅರ್ಜಿಯಿಂದ. ಕ್ಲಾರೆನ್ಸ್ ಅರ್ಲ್ ಗಿಡಿಯನ್, ಫ್ಲಾರಿಡಾದ ಪನಾಮಾ ಸಿಟಿ. 1961ರಲ್ಲಿ ಬಿಲಿಯರ್ಡ್ಸ್ ಥರದ ಆಟ ಆಡೋ ಒಂದು ಪೂಲ್ ರೂಮಿಗೆ ನುಗ್ಗಿ ಮೆಷಿನ್‌ಗಳಲ್ಲಿದ್ದ ಚಿಲ್ಲರೆ ಕದ್ದ ಅಂತ ಆರೋಪ. ಆತ ಕೋರ್ಟಲ್ಲಿ ನನಗೆ ಲಾಯರ್ ಕೊಡಿ ಅಂದ, ಜಡ್ಜ್ ಇಲ್ಲ, ಮರಣದಂಡನೆ ಆಗೋ ಕೇಸುಗಳಿಗೆ ಮಾತ್ರ ನಮ್ಮ ರಾಜ್ಯದಲ್ಲಿ ಕೊಡೋದು ಅಂದ್ರು. ತಾನೇ ವಾದ ಮಾಡ್ಕೊಂಡ, ಸೋತ, ಐದು ವರ್ಷ ಶಿಕ್ಷೆ. ಜೈಲಿನ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಬರೆದ. 1963ರ ಮಾರ್ಚ್‌ನಲ್ಲಿ ಒಂಬತ್ತೂ ಜಡ್ಜ್‌ಗಳು ಒಮ್ಮತದಿಂದ ಆತನ ಪರ ತೀರ್ಪು ಕೊಟ್ರು. ಅದೇ ಆಗಸ್ಟ್‌ನಲ್ಲಿ ಮತ್ತೆ ವಿಚಾರಣೆ ಆಯ್ತು, ಈ ಸಲ ಲಾಯರ್ ಇದ್ರು, ಮುಖ್ಯ ಸಾಕ್ಷಿಯನ್ನ ಕೂರಿಸ್ಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ್ರು, ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ನಿರಪರಾಧಿ ಅಂತ ಹೊರಗೆ ಬಂತು. ಅದೇ ಮನುಷ್ಯ, ಅದೇ ಆರೋಪ, ಪಕ್ಕದಲ್ಲಿ ಒಬ್ಬ ಲಾಯರ್ ಇದ್ದಿದ್ದಷ್ಟೇ ವ್ಯತ್ಯಾಸ.

ಆದ್ರೆ ಹಕ್ಕು ಕೊಟ್ಟ ಕೋರ್ಟು ಅದಕ್ಕೆ ದುಡ್ಡು ಕೊಡಲ್ಲ, ಅದು ರಾಜ್ಯ, ಕೌಂಟಿಗಳ ತಲೆ ಮೇಲೆ. ಬಡ ಆರೋಪಿಗಳಿಗೆ ಸರ್ಕಾರ ಕೊಡೋ ಲಾಯರ್‌ಗಳು, ಪಬ್ಲಿಕ್ ಡಿಫೆಂಡರ್‌ಗಳು ಅಂತ ಇರ್ತಾರಲ್ಲ, ಅವರಲ್ಲಿ ಎಷ್ಟೋ ಜನ ಅಸಾಧಾರಣ ಲಾಯರ್‌ಗಳು, ಅವರ ಮೇಲೆ ನನಗೆ ತುಂಬಾ ಗೌರವ. ಆದ್ರೆ ಒಬ್ಬೊಬ್ಬರ ಟೇಬಲ್ ಮೇಲೆ ಹೊರಲಾರದಷ್ಟು ಫೈಲು. ಯಾವುದಾದ್ರೂ ಕೌಂಟಿ ಕೋರ್ಟಿಗೆ ಒಂದು ಬೆಳಗ್ಗೆ ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೊಳಿ, ಯಾರೂ ಬೇಡ ಅನ್ನಲ್ಲ, ಕೋರ್ಟು ಸಾರ್ವಜನಿಕರಿಗೆ ತೆರೆದಿರತ್ತೆ. ಲಾಯರ್ ಕೈಯಲ್ಲಿ ಫೈಲುಗಳ ಕಟ್ಟು, ಕಾರಿಡಾರಲ್ಲಿ ಹೆಸರು ಕೂಗ್ತಾರೆ, ಒಬ್ಬ ಕೈ ಎತ್ತುತಾನೆ, ಗೋಡೆಗೆ ಒರಗಿ ನಿಂತ್ಕೊಂಡೇ ಐದು ನಿಮಿಷ ಮಾತು. "ಡಿಎ ಆಫರ್ ಇದು, ಒಪ್ಕೋತೀರಾ?" ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ತಿರೋದು ಅದೇ ಮೊದಲು ಎಷ್ಟೋ ಸಲ.

ಆಮೇಲೆ ಒಳಗೆ ಹೋಗ್ತಾರೆ, ಜಡ್ಜ್ ಒಂದು ಪಟ್ಟಿಯಲ್ಲಿರೋ ಪ್ರಶ್ನೆಗಳನ್ನ ಒಂದೊಂದಾಗಿ ಓದ್ತಾರೆ. ಇಂಗ್ಲಿಷ್ ಅರ್ಥ ಆಗತ್ತಾ, ಇವತ್ತು ಏನಾದ್ರೂ ಔಷಧಿ ಮಾತ್ರೆ ತಗೊಂಡಿದೀರಾ, ವಿಚಾರಣೆಯ ಹಕ್ಕನ್ನ ಬಿಟ್ಟುಕೊಡ್ತಿದೀರಿ ಅಂತ ಗೊತ್ತಾ, ಸಾಕ್ಷಿಗಳನ್ನ ಪ್ರಶ್ನಿಸೋ ಹಕ್ಕು ಬಿಡ್ತಿದೀರಿ ಅಂತ ಗೊತ್ತಾ, ಯಾರಾದ್ರೂ ಬಲವಂತ ಮಾಡಿದ್ರಾ. ಗೊತ್ತು, ಗೊತ್ತು, ಗೊತ್ತು, ಇಲ್ಲ. ಕೆಲವೇ ನಿಮಿಷದಲ್ಲಿ ಮುಗೀತು, ಮುಂದಿನ ಹೆಸರು. ನಾನು ಹೇಳಿದ ಆ 94, 97 ಆಗೋದು ಹೀಗೆ. ಇದೇ ಪ್ಲೀ ಬಾರ್ಗೇನ್.

ಪ್ಲೀ ಬಾರ್ಗೇನಲ್ಲಿ ಎರಡೂ ಕಡೆ ಸಮಬಲ ಅಂತ ಅಂದ್ಕೋಬೇಡಿ. ಕೆಂಟಕಿಯ ಪಾಲ್ ಹೇಯ್ಸ್ ಕೇಸು ಕೇಳಿ. 88 ಡಾಲರ್ 30 ಸೆಂಟಿನ ಒಂದು ಖೋಟಾ ಚೆಕ್. ಪ್ರಾಸಿಕ್ಯೂಟರ್ ಹೇಳಿದ್ದು, ಒಪ್ಕೊ, ಐದು ವರ್ಷ ಕೇಳ್ತೀನಿ, ಒಪ್ಪದೆ ಕೋರ್ಟಿಗೆ ವಿಚಾರಣೆ ನಡೆಸೋ ತೊಂದರೆ ಕೊಟ್ರೆ ನಿನ್ನ ಮೇಲೆ ಪದೇಪದೇ ಅಪರಾಧ ಮಾಡೋನು ಅನ್ನೋ ಕಾಯ್ದೆ ಹಾಕ್ತೀನಿ ಅಂತ. ಹಿಂದೆ ಎರಡು ಫೆಲೊನಿ ಇದ್ದಿದ್ರಿಂದ ಆ ಕಾಯ್ದೆಯಲ್ಲಿ ಶಿಕ್ಷೆ ಜೀವಾವಧಿ. ಹೇಯ್ಸ್ ಒಪ್ಪಲಿಲ್ಲ, ವಿಚಾರಣೆ ಕೇಳಿದ, ಸೋತ, ಜೀವಾವಧಿ ಆಯ್ತು. 88 ಡಾಲರ್ ಚೆಕ್ಕಿಗೆ. 1978ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಪ್ರಾಸಿಕ್ಯೂಟರ್ ಹೀಗೆ ಮಾಡಿದ್ದು ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂತು. ಅವತ್ತಿಂದ ಪ್ರಾಸಿಕ್ಯೂಟರ್ ಕೈಗೆ ಸಿಕ್ಕಿದ ಬಲ ಸಣ್ಣದಲ್ಲ. ಶಿಕ್ಷೆ ಹೇಳೋದು ಜಡ್ಜ್ ಅಂತ ನಾವು ಅಂದ್ಕೊಂಡಿರ್ತೀವಿ, ಆದ್ರೆ ಕನಿಷ್ಠ ಶಿಕ್ಷೆ ಇಷ್ಟು ಅಂತ ಕಾನೂನೇ ಕಟ್ಟಿಹಾಕಿದಾಗ ಯಾವ ಆರೋಪ ಹಾಕ್ತಾರೆ ಅನ್ನೋದರ ಮೇಲೆ ಶಿಕ್ಷೆ ನಿಂತಿರತ್ತೆ, ಆರೋಪ ಹಾಕೋದು ಎಲೆಕ್ಷನ್ ಗೆದ್ದು ಬಂದ ಪ್ರಾಸಿಕ್ಯೂಟರ್.

ಆ ಕನಿಷ್ಠ ಶಿಕ್ಷೆಗಳು ಹೇಗಿದ್ವು ಅಂತ ಒಂದೆರಡು ಮಾತು. 1986ರ ಫೆಡರಲ್ ಡ್ರಗ್ಸ್ ಕಾಯ್ದೆಯಲ್ಲಿ 500 ಗ್ರಾಂ ಪುಡಿ ಕೊಕೇನ್ ಮಾರಿದ್ರೆ ಐದು ವರ್ಷ, ಕ್ರ್ಯಾಕ್ ಕೊಕೇನ್ ಆದ್ರೆ 5 ಗ್ರಾಂಗೇ ಐದು ವರ್ಷ. ಒಂದೇ ಮಾದಕ ವಸ್ತುವಿನ ಎರಡು ರೂಪ, ಆದ್ರೆ ಕ್ರ್ಯಾಕ್ ಕೇಸಲ್ಲಿ ಒಳಗೆ ಹೋದೋರಲ್ಲಿ ಹೆಚ್ಚಿನೋರು ಕಪ್ಪು ಜನಾಂಗದವರು. 2010ರಲ್ಲಿ ಈ ಅನುಪಾತ 100ರಿಂದ 18ಕ್ಕೆ ಇಳೀತು, ಸಮ ಆಗಲಿಲ್ಲ. ಕ್ಯಾಲಿಫೋರ್ನಿಯಾದ ಮೂರು ಸ್ಟ್ರೈಕ್ ಕಾಯ್ದೆ, ಅಂದ್ರೆ ಹಿಂದೆ ಎರಡು ದೊಡ್ಡ ಅಪರಾಧ ಮಾಡಿದೋನು ಮೂರನೇ ಸಲ ಸಿಕ್ಕಿಬಿದ್ರೆ ಭಾರಿ ಶಿಕ್ಷೆ ಅನ್ನೋದು, 1994ರದ್ದು, ಅದರಡಿ ಗ್ಯಾರಿ ಯೂಯಿಂಗ್ ಅನ್ನೋನು ಮೂರು ಗಾಲ್ಫ್ ಕ್ಲಬ್ ಪ್ಯಾಂಟೊಳಗೆ ಸಿಗಿಸ್ಕೊಂಡು ಹೋಗೋವಾಗ ಸಿಕ್ಕಿಬಿದ್ದು ಕನಿಷ್ಠ 25 ವರ್ಷ, ಹೆಚ್ಚಂದ್ರೆ ಜೀವಾವಧಿ ಅನ್ನೋ ಶಿಕ್ಷೆ ಪಡೆದ, 2003ರಲ್ಲಿ ಅದನ್ನೂ ಸುಪ್ರೀಂ ಕೋರ್ಟು 5-4ರಲ್ಲಿ ಎತ್ತಿಹಿಡೀತು. 2012ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ ಆ ಕಾಯ್ದೆಯನ್ನ ಸಡಿಲ ಮಾಡಿದ್ರು. ಇಂಥ ಕಾನೂನುಗಳ ಒಟ್ಟು ಫಲ ಏನಂದ್ರೆ 1970ರ ದಶಕದ ಶುರುವಲ್ಲಿ ಪ್ರಿಸನ್‌ಗಳಲ್ಲಿ ಸುಮಾರು ಎರಡು ಲಕ್ಷ ಇದ್ದ ಸಂಖ್ಯೆ 2009ರ ಹೊತ್ತಿಗೆ 16 ಲಕ್ಷ ಆಯ್ತು. ಆಮೇಲೆ ಸ್ವಲ್ಪ ಇಳಿದು ಈಗ 12 ಲಕ್ಷದ ಸುತ್ತಮುತ್ತ ಇದೆ. ಜನಸಂಖ್ಯೆಯಲ್ಲಿ ನೂರಕ್ಕೆ 13-14 ಇರೋ ಕಪ್ಪು ಜನಾಂಗ ಪ್ರಿಸನ್‌ಗಳಲ್ಲಿ ಮೂರರಲ್ಲಿ ಒಂದು ಪಾಲು.

ವಿಚಾರಣೆ ನಡೆದೇಬಿಟ್ರೆ ಏನಾಗತ್ತೆ ಅಂತ ಬೇಗ ಹೇಳಿ ಮುಂದೆ ಹೋಗ್ತೀನಿ. ಸಾಮಾನ್ಯವಾಗಿ 12 ಜನ ಜ್ಯೂರಿ, ಎಲ್ಲರೂ ಒಂದೇ ತೀರ್ಮಾನಕ್ಕೆ ಬರ್ಬೇಕು. ಲೂಸಿಯಾನ ಮತ್ತೆ ಆರೆಗಾನ್ ಎರಡೇ ರಾಜ್ಯಗಳಲ್ಲಿ ಬಹುಮತ ಸಾಕಿತ್ತು, 2020ರಲ್ಲಿ ಅದೂ ಹೋಯ್ತು. ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸಾಬೀತು ಮಾಡೋ ಹೊಣೆ ಸರ್ಕಾರದ್ದು, ಆರೋಪಿ ಬಾಯಿ ಬಿಡದೆ ಕೂರಬಹುದು. ತನ್ನ ಹತ್ರ ಆರೋಪಿಗೆ ಅನುಕೂಲ ಆಗೋ ಸಾಕ್ಷಿ ಇದ್ರೆ ಪ್ರಾಸಿಕ್ಯೂಟರ್ ಅದನ್ನ ಕೊಡಲೇಬೇಕು, ಇದು 1963ರ ಬ್ರೇಡಿ ತೀರ್ಪು, ಇದನ್ನ ಮುಚ್ಚಿಟ್ಟು ವರ್ಷಾನುಗಟ್ಟಲೆ ನಿರಪರಾಧಿಗಳು ಒಳಗೆ ಕೊಳೆತ ಕೇಸುಗಳು ಬೇಕಾದಷ್ಟಿವೆ.

ಈಗ ಕರೆಕ್ಷನ್ಸ್. ಶಿಕ್ಷೆ ಆದ್ಮೇಲೆ ಏನು? ಅಮೆರಿಕ ಅಂದ್ರೆ ಜೈಲು ಅಂತ ಎಲ್ಲರ ತಲೇಲಿದೆ, ಆದ್ರೆ ಒಳಗಿರೋರಿಗಿಂತ ಹೊರಗಿದ್ದು ಸರ್ಕಾರದ ನಿಗಾದಲ್ಲಿರೋರು ಹೆಚ್ಚುಕಮ್ಮಿ ಎರಡರಷ್ಟು. ಪ್ರೊಬೇಷನ್‌ನಲ್ಲಿ ಸುಮಾರು 30 ಲಕ್ಷ, ಪೆರೋಲ್‌ನಲ್ಲಿ ಸುಮಾರು 7 ಲಕ್ಷ. ಇವೆರಡನ್ನ ಬೆರೆಸ್ಬೇಡಿ. ಪ್ರೊಬೇಷನ್ ಅಂದ್ರೆ ಸಾಮಾನ್ಯವಾಗಿ ಜೈಲಿನ ಬದಲು. ಪೆರೋಲ್ ಅಂದ್ರೆ ಪ್ರಿಸನ್‌ನಲ್ಲಿ ಒಂದಷ್ಟು ಕಾಲ ಕಳೆದ ಮೇಲೆ, ಮಿಕ್ಕ ಶಿಕ್ಷೆಯನ್ನ ಹೊರಗೆ ಷರತ್ತಿನ ಮೇಲೆ ಮುಗಿಸೋದು. ನಮ್ಮಲ್ಲಿ ಮಗಳ ಮದುವೆಗೆ ಅಂತ ಹದಿನೈದು ದಿನ ಪೆರೋಲ್ ಮೇಲೆ ಬಂದ ಅಂತೀವಲ್ಲ, ಆ ಪೆರೋಲ್ ಬೇರೆ. ಫೆಡರಲ್‌ನಲ್ಲಂತೂ 1987ರ ನವೆಂಬರ್ 1ರ ನಂತರದ ಅಪರಾಧಗಳಿಗೆ ಪೆರೋಲೇ ಇಲ್ಲ.

ಪ್ರೊಬೇಷನ್ ಶುರುವಾದ ಬಗೆ ನನಗೆ ತುಂಬಾ ಇಷ್ಟ. 1841, ಬಾಸ್ಟನ್. ಜಾನ್ ಅಗಸ್ಟಸ್ ಅನ್ನೋ ಬೂಟು ಹೊಲಿಯೋ ಮನುಷ್ಯ ಒಂದು ಬೆಳಗ್ಗೆ ಪೊಲೀಸ್ ಕೋರ್ಟಲ್ಲಿ ಕೂತಿದ್ದ. ಚಿಂದಿ ಬಟ್ಟೆ ಹಾಕ್ಕೊಂಡ ಒಬ್ಬ ಕುಡುಕನನ್ನ ಕರ್ಕೊಂಡು ಬಂದ್ರು. ಅಗಸ್ಟಸ್ ಆತನ ಹತ್ರ ಒಂದೆರಡು ಮಾತಾಡಿ, ಜಡ್ಜ್‌ಗೆ ಹೇಳಿ ತಾನೇ ಜಾಮೀನು ನಿಂತು ಕರ್ಕೊಂಡು ಹೋದ, ಇನ್ನು ಕುಡಿಯಲ್ಲ ಅಂತ ಮಾತು ತಗೊಂಡ. ಮೂರು ವಾರ ಆದ್ಮೇಲೆ ವಾಪಸ್ ಕರ್ಕೊಂಡು ಬಂದಾಗ ಆತ ಬೇರೆ ಮನುಷ್ಯನೇ ಆಗಿದ್ದ. ಜಡ್ಜ್ ಜೈಲಿಗೆ ಕಳಿಸದೆ ಒಂದು ಸೆಂಟ್ ದಂಡ ಹಾಕಿ, ಕೋರ್ಟ್ ಖರ್ಚು ಕಟ್ಟಿಸ್ಕೊಂಡು ಬಿಟ್ರು. ಅಗಸ್ಟಸ್ 1859ರಲ್ಲಿ ತೀರ್ಕೊಳೋವರೆಗೆ ಹೀಗೆ ಸುಮಾರು ಎರಡು ಸಾವಿರ ಜನಕ್ಕೆ ಜಾಮೀನು ನಿಂತ, ಸಂಬಳ ಇಲ್ಲ, ಹುದ್ದೆ ಇಲ್ಲ. ಆತನ ಊರಿರೋ ಮ್ಯಾಸಚೂಸೆಟ್ಸ್ 1878ರಲ್ಲಿ ಪ್ರೊಬೇಷನ್ ಕಾನೂನು ಮಾಡ್ತು, ದೇಶದಲ್ಲೇ ಮೊದಲು.

ಇವತ್ತಿನ ಪ್ರೊಬೇಷನ್ ಆ ಮನುಷ್ಯತ್ವದಿಂದ ಬಹಳ ದೂರ ಬಂದುಬಿಟ್ಟಿದೆ ಅನ್ನೋದು ನನ್ನ ನೋವು. ಆಫೀಸರ್ ಹತ್ರ ರಿಪೋರ್ಟ್ ಮಾಡ್ಬೇಕು, ಮೂತ್ರ ಪರೀಕ್ಷೆ, ಕೌಂಟಿ ದಾಟಕ್ಕೆ ಪರ್ಮಿಷನ್, ರಾತ್ರಿ ಕರ್ಫ್ಯೂ, ಮೇಲಿಂದ ಎಷ್ಟೋ ಕಡೆ ತಿಂಗಳು ತಿಂಗಳು ಫೀಸ್ ಕೂಡ ನಿಗಾದಲ್ಲಿರೋನೇ ಕಟ್ಬೇಕು. ಹೊಸ ಅಪರಾಧ ಏನೂ ಮಾಡದೆ, ಒಂದು ಅಪಾಯಿಂಟ್‌ಮೆಂಟ್ ತಪ್ಪಿದ್ದಕ್ಕೆ ವಾಪಸ್ ಒಳಗೆ ಹೋಗೋರಿದಾರೆ. ಬಸ್ಸೇ ಇಲ್ಲದ ಊರಲ್ಲಿ, ಲೈಸೆನ್ಸ್ ಸಸ್ಪೆಂಡ್ ಆದ ಮನುಷ್ಯ ಬೆಳಗ್ಗೆ ಹತ್ತಕ್ಕೆ ಆಫೀಸಿಗೆ ಹೇಗೆ ಬರ್ತಾನೆ ಅಂತ ಯಾರೂ ಕೇಳಲ್ಲ. ದುಡ್ಡಿಲ್ಲ ಅನ್ನೋ ಒಂದೇ ಕಾರಣಕ್ಕೆ ಜೈಲಿಗೆ ಹಾಕೋ ಹಾಗಿಲ್ಲ, ಯಾಕೆ ಕಟ್ಟಿಲ್ಲ ಅಂತ ವಿಚಾರಿಸ್ಬೇಕು ಅಂತ 1983ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ಆದ್ರೆ ಕೆಳಗಿನ ಕೋರ್ಟುಗಳಲ್ಲಿ ಆ ವಿಚಾರಣೆ ಎಷ್ಟೋ ಸಲ ಆಗಲ್ಲ.

ಪ್ರಿಸನ್ ಒಳಗಿನ ಬಗ್ಗೆ ಎಲ್ಲ ಹೇಳಕ್ಕೆ ಇವತ್ತು ಹೊತ್ತಿಲ್ಲ. ಫಿಲಡೆಲ್ಫಿಯಾದಲ್ಲಿ 1829ರಲ್ಲಿ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿ ಶುರು ಮಾಡಿದೋರು ಒಬ್ಬೊಬ್ಬರನ್ನೇ ಕೋಣೇಲಿಟ್ರೆ ಪಶ್ಚಾತ್ತಾಪ ಪಟ್ಟು ಸರಿಹೋಗ್ತಾರೆ ಅಂತ ನಂಬಿದ್ರು, ಒಳ್ಳೇ ಮನಸ್ಸಿಂದಾನೇ ಮಾಡಿದ್ದು, ಅದರಿಂದ ಜನಕ್ಕೆ ಬುದ್ಧಿಭ್ರಮಣೆ ಆಗತ್ತೆ ಅಂತ ಆಮೇಲೆ ಗೊತ್ತಾಯ್ತು, ಆದ್ರೂ ಒಂಟಿ ಕೋಣೆ ಇವತ್ತಿಗೂ ಹೋಗಿಲ್ಲ. ಗುಲಾಮಗಿರಿ ನಿಲ್ಲಿಸಿದ 1865ರ 13ನೇ ತಿದ್ದುಪಡಿಯಲ್ಲೇ ಅಪರಾಧಕ್ಕೆ ಶಿಕ್ಷೆಯಾಗಿ ಮಾಡಿಸೋ ದುಡಿಮೆಗೆ ವಿನಾಯಿತಿ ಇದೆ. ಹಾಗಾಗಿ ಕೈದಿಗಳಿಗೆ ಬಹಳ ಕಡೆ ಗಂಟೆಗೆ ಕೆಲವು ಸೆಂಟ್ ಸಿಗತ್ತೆ, ಟೆಕ್ಸಸ್‌ನಲ್ಲಿ ಅದೂ ಇಲ್ಲ. ಲೂಸಿಯಾನದ ಅಂಗೋಲಾ ಪ್ರಿಸನ್ 18,000 ಎಕರೆ, ಹಿಂದೆ ಗುಲಾಮರನ್ನ ದುಡಿಸ್ತಿದ್ದ ಪ್ಲಾಂಟೇಷನ್ ಜಮೀನು, ಇವತ್ತಿಗೂ ಅಲ್ಲಿ ಕೈದಿಗಳು ಹೊಲದಲ್ಲಿ ದುಡೀತಾರೆ. ಪ್ರೈವೇಟ್ ಪ್ರಿಸನ್ ಬಗ್ಗೆ ಯಾವಾಗ್ಲೂ ಕೇಳ್ತಾರೆ, ಅವುಗಳಲ್ಲಿ ಇರೋರು ನೂರಕ್ಕೆ ಎಂಟರಷ್ಟು ಮಾತ್ರ. ಆಕ್ಷೇಪ ಮಾಡ್ಬೇಕಾದ್ದು ಅವುಗಳಲ್ಲೂ ಇದೆ, ಆದ್ರೆ ದೊಡ್ಡ ಪಾಲು ಸರ್ಕಾರವೇ ನಡೆಸೋದು, ಜವಾಬ್ದಾರಿಯೂ ಅಲ್ಲೇ ಇದೆ.

ಹೊರಗೆ ಬಂದ್ಮೇಲೂ ಫೆಲೊನಿ ಅನ್ನೋದು ಬೆನ್ನು ಬಿಡಲ್ಲ ಅಂದೆನಲ್ಲ. ಕೆಲಸದ ಅರ್ಜಿ, ಬಾಡಿಗೆ ಮನೆ, ಎಷ್ಟೋ ವೃತ್ತಿಗಳ ಲೈಸೆನ್ಸ್, ಎಲ್ಲಾ ಕಡೆ ಬ್ಯಾಕ್‌ಗ್ರೌಂಡ್ ಚೆಕ್. ವೋಟಿನ ವಿಷಯದಲ್ಲಿ ರಾಜ್ಯಕ್ಕೊಂದು ನಿಯಮ. ಮೇನ್ ಮತ್ತೆ ವರ್ಮಾಂಟ್‌ನಲ್ಲಿ ಪ್ರಿಸನ್ ಒಳಗಿದ್ದೇ ವೋಟು ಹಾಕ್ತಾರೆ. ಫ್ಲಾರಿಡಾದಲ್ಲಿ 2018ರಲ್ಲಿ ನೂರಕ್ಕೆ 64ಕ್ಕಿಂತ ಹೆಚ್ಚು ಮತದಾರರು ಶಿಕ್ಷೆ ಮುಗಿಸಿದೋರಲ್ಲಿ ಬಹುಪಾಲು ಜನಕ್ಕೆ ವೋಟು ವಾಪಸ್ ಕೊಡಿ ಅಂದ್ರು, ಮರುವರ್ಷವೇ ಅಲ್ಲಿನ ಶಾಸನಸಭೆ ದಂಡ, ಕೋರ್ಟ್ ಫೀಸ್ ಎಲ್ಲ ಕಟ್ಟಿದ ಮೇಲೇನೇ ಅಂತ ಕಾನೂನು ಮಾಡ್ತು.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆ ತಗೊಂಡೆ.

ಒಬ್ಬ ಹುಡುಗ ಕೇಳಿದ್ದು: ನಾವು ವೀಸಾ ಮೇಲಿರೋರು, ಸಣ್ಣ ಕೇಸು ಅಂತ ಒಪ್ಕೊಂಡು ದಂಡ ಕಟ್ಟಿ ಮುಗಿಸಿದ್ರೆ ಆಗಲ್ವಾ?

ಇದು ಬಹಳ ಮುಖ್ಯವಾದ ಪ್ರಶ್ನೆ. ಹೋಸೆ ಪಡೀಯಾ ಅನ್ನೋರು ಗ್ರೀನ್‌ಕಾರ್ಡ್ ಮೇಲೆ 40 ವರ್ಷಕ್ಕೂ ಹೆಚ್ಚು ಇಲ್ಲಿದ್ರು, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ರು. ಗಾಂಜಾ ಸಾಗಿಸಿದ ಕೇಸಲ್ಲಿ ಲಾಯರ್ ಇಷ್ಟು ವರ್ಷ ಇದೀರಿ, ಇಮಿಗ್ರೇಷನ್ ಬಗ್ಗೆ ಚಿಂತೆ ಬೇಡ ಅಂದ್ರು, ಇವರು ತಪ್ಪು ಒಪ್ಕೊಂಡ್ರು, ಗಡೀಪಾರಿನ ನೋಟಿಸ್ ಬಂತು. 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ನಾಗರಿಕರಲ್ಲದೋರು ತಪ್ಪು ಒಪ್ಕೊಳೋ ಮುಂಚೆ ಗಡೀಪಾರಿನ ಅಪಾಯ ಇದ್ರೆ ಲಾಯರ್ ಹೇಳಲೇಬೇಕು. ಅಂಗಡಿ ಕಳ್ಳತನದ ಸಣ್ಣ ಕೇಸು ಅಂತೀವಿ, ಇಮಿಗ್ರೇಷನ್ ಕಾನೂನಿನ ಕಣ್ಣಲ್ಲಿ ಅದು ನೀತಿಗೆಟ್ಟ ಅಪರಾಧಗಳ ಸಾಲಿಗೆ ಸೇರಬಹುದು. ಕೋರ್ಟು ಆರೋಪ ತಡೆಹಿಡಿದು ಕೊನೆಗೆ ವಜಾ ಮಾಡಿದ್ರೂ, ನೀವು ಮೊದಲು ತಪ್ಪು ಒಪ್ಕೊಂಡಿದ್ರೆ ಇಮಿಗ್ರೇಷನ್‌ನೋರು ಅದನ್ನ ಅಪರಾಧ ನಿರ್ಣಯ ಅಂತಾನೇ ಲೆಕ್ಕ ಹಾಕಬಹುದು. ಹಾಗಾಗಿ ಕ್ರಿಮಿನಲ್ ಲಾಯರ್ ಜೊತೆ ಇಮಿಗ್ರೇಷನ್ ಲಾಯರ್‌ನ ಕೇಳದೆ ಯಾವ ಕಾಗದಕ್ಕೂ ಸಹಿ ಬೇಡ.

ಹಿರಿಯರೊಬ್ಬರು, ಮಗಳ ಮನೆಗೆ ಬಂದೋರು, ಕೇಳಿದ್ರು: ಇಂಗ್ಲಿಷ್ ಬರದೋರ ಗತಿ ಏನಪ್ಪಾ?

ಕೋರ್ಟಲ್ಲಿ ದುಭಾಷಿ ಕೇಳಬಹುದು ಯಜಮಾನ್ರೇ, ಕ್ರಿಮಿನಲ್ ಕೇಸಲ್ಲಿ ನಮ್ಮ ಕೈಯಿಂದ ದುಡ್ಡು ಕೊಡೋ ಹಾಗಿರಲ್ಲ ಸಾಮಾನ್ಯವಾಗಿ. ಇಂಡಿಯಾದವರು ಅಂದ ಕೂಡಲೇ ಹಿಂದಿಯೋರನ್ನ ಕರೆಸಕ್ಕೆ ನೋಡಬಹುದು, ನಿಮಗೆ ಹಿಂದಿ ಸರಿಯಾಗಿ ಬರದಿದ್ರೆ ಸುಮ್ನೆ ತಲೆ ಆಡಿಸ್ಬೇಡಿ, ಕನ್ನಡ ಬೇಕು ಅಂತಾನೇ ಹೇಳಿ, ಫೋನಲ್ಲೋ ವಿಡಿಯೋದಲ್ಲೋ ಹುಡುಕಿ ಕೊಡೋ ವ್ಯವಸ್ಥೆ ಇದೆ. ವಿದೇಶಿಯರನ್ನ ಅರೆಸ್ಟ್ ಮಾಡಿದಾಗ ನಿಮ್ಮ ಕಾನ್ಸುಲೇಟ್‌ಗೆ ತಿಳಿಸ್ಬೇಕಾ ಅಂತ ಕೇಳ್ಬೇಕು, ಅದು ವಿಯೆನ್ನಾ ಒಪ್ಪಂದದ ಪ್ರಕಾರ ಇರೋ ಹಕ್ಕು. ಮಗಳಿಗೋ ಅಳಿಯನಿಗೋ ಅನುವಾದ ಮಾಡಕ್ಕೆ ಬಿಡಬೇಡಿ, ಅವರು ಮುಂದೆ ಸಾಕ್ಷಿ ಆಗಬಹುದು.

ಕೊನೇ ಪ್ರಶ್ನೆ: ಮಧ್ಯರಾತ್ರಿ ಯಾರೋ ಸ್ಟೂಡೆಂಟ್ ಹುಡುಗನ್ನ ಹಿಡ್ಕೊಂಡು ಹೋದ್ರು ಅಂತ ಕೂಟದವರಿಗೆ ಫೋನ್ ಬಂದ್ರೆ ಏನು ಮಾಡೋದು?

ಮೊದಲು ಯಾವ ಕೌಂಟಿ ಅಂತ ಕೇಳಿ, ಸಿಟಿ ಅಲ್ಲ, ಕೌಂಟಿ. ಬಹಳಷ್ಟು ಕೌಂಟಿಗಳಲ್ಲಿ ಶೆರಿಫ್ ಆಫೀಸಿನ ವೆಬ್‌ಸೈಟಲ್ಲಿ ಇನ್‌ಮೇಟ್ ಸರ್ಚ್, ಅಂದ್ರೆ ಒಳಗಿರೋರ ಹೆಸರು ಹುಡುಕೋ ಜಾಗ ಇರತ್ತೆ, ಹೆಸರಿನ ಸ್ಪೆಲ್ಲಿಂಗ್ ತಿರುಗಿಸಿ ಮುರುಗಿಸಿ ಹಾಕಿ ನೋಡಿ, ನಮ್ಮ ಹೆಸರುಗಳಲ್ಲಿ ಇನಿಷಿಯಲ್ಲೇ ಸರ್‌ನೇಮ್ ಆಗಿ ಕೂತಿರತ್ತೆ. ಆರೋಪ, ಬೇಲ್ ಮೊತ್ತ, ಮುಂದಿನ ಕೋರ್ಟ್ ದಿನ ಅಲ್ಲೇ ಸಿಗತ್ತೆ ಎಷ್ಟೋ ಸಲ. ಆಮೇಲೆ ಅದೇ ಕೌಂಟೀಲಿ ಪ್ರಾಕ್ಟೀಸ್ ಮಾಡೋ ಕ್ರಿಮಿನಲ್ ಲಾಯರ್‌ನ ಹುಡುಕಿ, ಅಲ್ಲಿನ ಜಡ್ಜ್ ಯಾರು, ಡಿಎ ಆಫೀಸಲ್ಲಿ ಯಾರ್ಯಾರಿದಾರೆ ಅಂತ ಅವರಿಗೆ ಗೊತ್ತಿರತ್ತೆ. ಬೇಲ್ ದುಡ್ಡು ಪೂರ್ತಿ ಒಟ್ಟುಮಾಡಕ್ಕೆ ಆದ್ರೆ ಕೋರ್ಟಿಗೇ ಕಟ್ಟಿ, ವಾಪಸ್ ಬರತ್ತೆ. ಮತ್ತೆ ಹುಡುಗ ಜೈಲಿಂದ ಫೋನ್ ಮಾಡಿದಾಗ ಏನಾಯ್ತೋ, ಯಾಕೆ ಹಿಂಗ್ ಮಾಡ್ದೆ ಅಂತ ಕೇಳಕ್ಕೆ ಹೋಗ್ಬೇಡಿ. ಜೈಲಿನ ಫೋನುಗಳು ರೆಕಾರ್ಡ್ ಆಗ್ತವೆ, ಅದನ್ನ ಪ್ರಾಸಿಕ್ಯೂಟರ್ ಕೇಳಿಸ್ಕೋಬಹುದು. ಕನ್ನಡದಲ್ಲಿ ಮಾತಾಡಿದ್ರೆ ಅವರಿಗೆಲ್ಲಿ ಗೊತ್ತಾಗತ್ತೆ ಅನ್ಕೋಬೇಡಿ, ಅನುವಾದ ಮಾಡಿಸ್ತಾರೆ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಲಾಯರ್ ಬೆಳಗ್ಗೆ ಬರ್ತಾರೆ, ಅವರು ಬರೋವರೆಗೆ ಯಾರ ಹತ್ರಾನೂ ಮಾತಾಡ್ಬೇಡ, ಇಷ್ಟು ಹೇಳಿ ಫೋನ್ ಇಡಿ.